ಅಷ್ಟಮಿ ದಿನ ಬೆಳಚು ಎಣಿಸೋಕೆ ಹೋಗಿದ್ದೆ

ಮರೈನ್ ಬಯಾಲಜಿ ಓದಿದೀನಿ ಅಂದ್ರೆ ಸಾಕು, ಮುಂದಿನ ಪ್ರಶ್ನೆ ಏನು ಅಂತ ನಂಗೆ ಗೊತ್ತಿರತ್ತೆ. ಡಾಲ್ಫಿನ್ ಜೊತೆ ಈಜಿದೀರಾ? ಇಲ್ಲ. ತಿಮಿಂಗಿಲ ನೋಡಿದೀರಾ? ಸತ್ತು ದಡಕ್ಕೆ ಬಿದ್ದಿದ್ದನ್ನ ಒಂದೇ ಒಂದ್ಸಲ ನೋಡಿದೀನಿ, ಮೂಗು ಮುಚ್ಕೊಂಡು. ಹಾಗಾದ್ರೆ ಅಷ್ಟು ವರ್ಷ ಮಾಡಿದ್ದೇನು ಅಂತ ಕೇಳಿದ್ರೆ, ಮೊಣಕಾಲು ತನಕ ರಾಡಿಯಲ್ಲಿ ನಿಂತು ಬೆಳಚು, ಅಂದ್ರೆ ಎರಡು ಚಿಪ್ಪಿನೊಳಗೆ ಬದುಕೋ, ಜನ ತಿನ್ನೋ ಸಣ್ಣ ಜೀವಿ, ಎಣಿಸಿದೆ. ಹುಳ ಎಣಿಸಿದೆ. ಮತ್ತೆ ಬೆಳಚು ಎಣಿಸಿದೆ. ಈ ಉತ್ತರ ಕೊಟ್ಟ ಮೇಲೆ ಮದುವೆ ಮನೆ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಹೋಳಿಗೆ ಕಡೆ ತಿರುಗಿಬಿಡ್ತಾರೆ.

ನಮ್ಮದು ಶಿರಸಿ ಕಡೆ ಹಳ್ಳಿ, ಅಡಿಕೆ ತೋಟ, ಹವ್ಯಕರ ಮನೆ. ಸಮುದ್ರ ದೂರ ಏನಲ್ಲ, ದೇವಿಮನೆ ಘಟ್ಟ ಇಳಿದ್ರೆ ಕುಮಟಾ, ಆದ್ರೆ ಮೀನು ಅನ್ನೋದು ನಮ್ಮನೆ ಪಾಲಿಗೆ ಸಂತೆ ದಿನ ಬೇರೆಯವರ ಚೀಲದಿಂದ ಬರೋ ವಾಸನೆ, ಅಷ್ಟೇ. ಬಿಎಸ್ಸಿಯಲ್ಲಿ ಜೂವಾಲಜಿ ತಗೊಂಡಿದ್ದೆ, ಮುಂದೆ ಎಮ್ಮೆಸ್ಸಿಗೆ ಅರ್ಜಿ ಹಾಕುವಾಗ ಕರ್ನಾಟಕ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಮರೈನ್ ಬಯಾಲಜಿ ಅಂತ ಕಂಡಿತು, ಧಾರವಾಡಕ್ಕೆ ಹೋಗೋದು ಬೇಡ, ಕಾರವಾರದ ಕೋಡಿಬಾಗದಲ್ಲೇ ಇದೆ, ಮನೆಗೆ ಹತ್ರ. ಕನಸು ಗಿನಸು ಏನೂ ಇರ್ಲಿಲ್ಲ ನಿಜ ಹೇಳ್ಬೇಕಂದ್ರೆ. ಆಯಿ, ಅಂದ್ರೆ ಅಮ್ಮ, ಒಂದೇ ಮಾತು ಅಂದಿದ್ದು, "ಮೀನು ಕೊಯ್ಯಲೆ ಅಷ್ಟು ಓದಕ್ಕಾ ಕೂಸೇ?"

ಕೊಯ್ದೆ. ಮೊದಲ ಸೆಮಿಸ್ಟರಲ್ಲೇ ಬಂಗಡೆ ಹೊಟ್ಟೆ ಸೀಳಿ ಏನು ತಿಂದಿದೆ ಅಂತ ನೋಡೋ ಪ್ರಾಕ್ಟಿಕಲ್, ನನ್ನ ಪಕ್ಕದಲ್ಲಿದ್ದ ಅಂಕೋಲೆಯ ಹುಡುಗಿ ಎರಡು ನಿಮಿಷದಲ್ಲಿ ಮುಗಿಸಿ "ಇಷ್ಟು ತಾಜಾ ಬಂಗಡೆ ಹಾಳು ಮಾಡ್ತಾರಲ್ಲ" ಅಂತ ಬೇಜಾರು ಮಾಡ್ಕೊಂಡ್ರೆ ನಾನು ಕತ್ತರಿ ಎಲ್ಲಿ ಇಡ್ಬೇಕು ಅಂತ ಗೊತ್ತಾಗದೆ ನಿಂತಿದ್ದೆ. ಬೆಳಿಗ್ಗೆ ಬೆಳಿಗ್ಗೆ ಬೈತಖೋಲ್ ಬಂದರಿಗೆ ಕರ್ಕೊಂಡು ಹೋಗೋರು, ಬೋಟು ಖಾಲಿ ಆಗೋ ಹೊತ್ತಿಗೆ ಬುಟ್ಟಿ ಬುಟ್ಟಿ ನೋಡಿ ಹೆಸರು ಬರ್ಕೋಬೇಕು. ತಾರಲೆ, ಲೇಪ, ಶೆಟ್ಲಿ, ಇಸ್ವಾಣ. ಉಳಿದವರಿಗೆ ಇವೆಲ್ಲ ಅಡುಗೆಮನೆ ಹೆಸರು, ಲ್ಯಾಟಿನ್ ಹೆಸರು ಮಾತ್ರ ಕಲಿಯೋದಿತ್ತು, ನಂಗೆ ಎರಡೂ ಬಾಯಿಪಾಠ. ಬಂಗಡೆಗೆ ರಾಸ್ಟ್ರೆಲ್ಲಿಗರ್ ಕನಗುರ್ತ ಅಂತಾರೆ, ಆ ಕನಗುರ್ತ ಅನ್ನೋದು ಲ್ಯಾಟಿನ್ನೇ ಅಲ್ಲ, ವಿಶಾಖಪಟ್ಟಣದ ಕಡೆ ತೆಲುಗು ಹೆಸರು ಅಂತ ಗೊತ್ತಾದ ದಿನ ಸ್ವಲ್ಪ ಸಮಾಧಾನ ಆಯ್ತು, ಹೆಸರಿಟ್ಟವರೂ ಬಂದರಿಗೆ ಹೋಗಿ ಕೇಳ್ಕೊಂಡೇ ಬರ್ಕೊಂಡಿದ್ದು ಅಂತ.

ರಜೆಗೆ ಮನೆಗೆ ಹೋದ್ರೆ ನನ್ನ ಬ್ಯಾಗು ಜಗಲಿ ದಾಟಿ ಒಳಗೆ ಬರೋ ಹಾಗಿಲ್ಲ. ಲ್ಯಾಬ್ ಕೋಟು ಹೊರಗಿನ ಕಲ್ಲ ಮೇಲೆ ಬೇರೆಯಾಗಿ ಒಗೀಬೇಕು. ಇದೇನು ಜಗಳ ಅಲ್ಲ, ಮನೆಯ ಪದ್ಧತಿ, ನಾನೂ ಒಪ್ಕೊಂಡಿದ್ದೆ.

2012ಕ್ಕೆ ಎಮ್ಮೆಸ್ಸಿ ಮುಗೀತು. ನೆಟ್ ಪರೀಕ್ಷೆ ಎರಡು ಸಲ ಬರ್ದು ಎರಡೂ ಸಲ ಹೋಯ್ತು. ಜೆಆರ್‌ಎಫ್ ಪಾಸಾದವರಿಗೆ 2014ರಲ್ಲಿ ಸಂಶೋಧನೆಗೆ ಕೊಡೋ ಫೆಲೋಶಿಪ್ ತಿಂಗಳಿಗೆ 25,000 ರೂಪಾಯಿ ಆಗಿತ್ತು, ನನ್ನಂಥವರಿಗೆ ಅದರ ಅರ್ಧ ಸಿಕ್ಕಿದ್ರೆ ಪುಣ್ಯ, ಅದೂ ತಿಂಗಳು ತಿಂಗಳು ಬರಲ್ಲ, ಬಂದ್ರೆ ಏಳೆಂಟು ತಿಂಗಳದ್ದು ಒಟ್ಟಿಗೆ. ಆದ್ರೂ ಪಿಎಚ್‌ಡಿಗೆ ಸೇರ್ಕೊಂಡೆ. ವಿಷಯ ಅಘನಾಶಿನಿ ಹೊಳೆಯ ಅಳಿವೆ, ಅಂದ್ರೆ ಹೊಳೆ ಸಮುದ್ರ ಸೇರೋ ಜಾಗ, ಅದರ ತಳದಲ್ಲಿ ಬದುಕೋ ಜೀವಿಗಳು, ಮುಖ್ಯವಾಗಿ ಬೆಳಚು. ಈ ಹೊಳೆ ನಮ್ಮ ಶಿರಸಿಯದ್ದೇ, ಪೇಟೆಯ ಶಂಕರಹೊಂಡ ಅದರ ಮೂಲ ಅಂತಾರೆ, ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟದೆ ಉಳಿದಿರೋ ಹೊಳೆ, ತದಡಿ ಹತ್ರ ಸಮುದ್ರ ಸೇರತ್ತೆ. ಅಳಿವೆ ತುಂಬಾ ಅಗಲ, ನೀರು ಇಳಿದಾಗ ಮಧ್ಯೆ ಮಧ್ಯೆ ಮರಳು ರಾಡಿಯ ಬಯಲು ಎದ್ದು ಕಾಣತ್ತೆ, ಅದೇ ಬೆಳಚಿನ ಜಾಗ. ಸುತ್ತಲ ಊರಿನ ಹೆಂಗಸರು ಗಂಡಸರು ಅಲ್ಲಿಗೆ ಪಾತಿ ದೋಣಿಯಲ್ಲಿ ಬಂದು ಬೆಳಚು ತೆಗೆದು ಮಾರ್ತಾರೆ, ಗೋವಾ ತನಕ ಹೋಗತ್ತೆ.

ಮೊದಲ ಫೀಲ್ಡ್ ದಿನ. ಕಾಲೇಜಿನ ರಜೆ, ಗಾಡಿ, ಗೈಡ್ ಪರ್ಮಿಷನ್ ಎಲ್ಲ ಹೊಂದೋ ದಿನ ನೋಡಿ ಇಟ್ಕೊಂಡಿದ್ದೆ. ಕಾರವಾರ ಬಂದರಿನ ಟೈಡ್ ಟೇಬಲ್, ಅಂದ್ರೆ ಭರತ ಇಳಿತದ ಪಟ್ಟಿ, ತೆಗೆದು ನೋಡಿದ್ರೆ ಲೋ ಟೈಡ್ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಎಷ್ಟು ಅನುಕೂಲ, ತಿಂಡಿ ತಿಂದೇ ಹೊರಡಬಹುದು. ಕ್ವಾಡ್ರಾಟು ಅನ್ನೋ ಅಳತೆ ಚೌಕಟ್ಟು, ಜರಡಿ, ಡಬ್ಬಿ, ಜೀವಿ ಕೊಳೆಯದ ಹಾಗೆ ಇಡೋ ಫಾರ್ಮಲಿನ್, ಜಿಪಿಎಸ್ಸು ಎಲ್ಲ ಹೊತ್ಕೊಂಡು ತದಡಿಯಿಂದ ತಾರಿ ದಾಟಿ ಅಘನಾಶಿನಿ ಊರಿನ ದಡಕ್ಕೆ ಹೋಗಿ ನಿಂತ್ಕೊಂಡೆ. ಹನ್ನೊಂದಾಯ್ತು. ಹನ್ನೆರಡಾಯ್ತು. ನೀರು ಒಂದು ಮೊಳ ಇಳಿದ ಹಾಗೆ ಮಾಡಿ ಅಲ್ಲೇ ನಿಂತ್ಕೊಂಡಿತು. ಬಯಲು ಎಲ್ಲಿ? ಎಲ್ಲ ನೀರೇ. ದಡದಲ್ಲಿ ಬಲೆ ಹೊಲೀತಾ ಕೂತ ಅಜ್ಜಿಯೊಬ್ರು ಬೆಳಿಗ್ಗೆಯಿಂದ ನನ್ನನ್ನೇ ನೋಡ್ತಿದ್ರು, ಕೊನೆಗೆ ತಡೀಲಾರದೆ ಕೇಳಿದ್ರು, "ಅಕ್ಕೋರೆ, ಬೆಳಚಿಗೆ ಬಂದ್ರಾ? ಇವತ್ತು ಅಷ್ಟಮಿ ಅಲ್ವಾ, ನೀರು ಇಳೂದೇ ಇಲ್ಲ."

ನಮ್ಮ ಕಡೆ ಶಾಲೆ ಟೀಚರಿಗೆ ಅಕ್ಕೋರು ಅಂತಾರೆ. ಅವತ್ತು ಆ ಮಾತು ಕೇಳೋಕೆ ನಾಚಿಕೆ ಆಯ್ತು.

ಥಿಯರಿ ನಂಗೆ ಗೊತ್ತಿರ್ಲಿಲ್ಲ ಅಂತಲ್ಲ. ಅಮಾಸೆ ಹುಣ್ಣಿಮೆಗೆ ಸೂರ್ಯ ಚಂದ್ರ ಭೂಮಿ ಒಂದೇ ಸಾಲಲ್ಲಿ ಬರ್ತಾವೆ, ಎರಡರ ಸೆಳೆತ ಕೂಡಿ ಭರತ ಜಾಸ್ತಿ, ಇಳಿತವೂ ಜಾಸ್ತಿ. ಅಷ್ಟಮಿ ಹೊತ್ತಿಗೆ ಸೂರ್ಯ ಚಂದ್ರ ಅಡ್ಡಡ್ಡ, ಒಂದರ ಸೆಳೆತವನ್ನ ಇನ್ನೊಂದು ಕಡಿಮೆ ಮಾಡತ್ತೆ, ನೀರು ಹೆಚ್ಚು ಏರಲ್ಲ ಹೆಚ್ಚು ಇಳಿಯಲ್ಲ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರ್ದಿದೀನಿ ಇದನ್ನ, ಫುಲ್ ಮಾರ್ಕ್ಸ್. ಆದ್ರೆ ಟೇಬಲ್ಲಲ್ಲಿ ಟೈಮ್ ಕಾಲಮ್ ಮಾತ್ರ ನೋಡಿದೆ, ಪಕ್ಕದ ಎತ್ತರದ ಕಾಲಮ್ ನೋಡ್ಲಿಲ್ಲ. ಲೋ ಟೈಡ್ ದಿನಾನೂ ಎರಡು ಸಲ ಬರತ್ತೆ, ಆದ್ರೆ ಎಲ್ಲ ಲೋ ಟೈಡೂ ಲೋ ಅಲ್ಲ. ಮತ್ತೆ ನಮ್ಮ ಕರಾವಳಿಯಲ್ಲಿ ಚೆನ್ನಾಗಿ ಇಳಿಯೋ ದಿನ ಅದು ಬೆಳಗಿನ ಜಾವಕ್ಕೋ ಸಂಜೆಗೋ ಬೀಳತ್ತೆ, ತಿಂಡಿ ತಿಂದು ಹೊರಡೋ ಟೈಮಿಗೆ ಬರೋದು ಹೀಗೆ ಅಷ್ಟಮಿ ಆಸುಪಾಸಿನ ಸೋಮಾರಿ ಇಳಿತ. ಅದಲ್ಲದೆ ಬಂದರಿನಲ್ಲಿ ಇಳಿದ ಮೇಲೆ ಹೊಳೆ ಒಳಗೆ ಇಳಿಯೋಕೆ ಇನ್ನೂ ಹೊತ್ತು ಬೇಕು, ಅದಂತೂ ಟೇಬಲ್ಲಲ್ಲಿ ಇರೋದೇ ಇಲ್ಲ, ಅಲ್ಲಿ ನಿಂತೇ ತಿಳ್ಕೋಬೇಕು.

ಆವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಅಪ್ಪನ ಹತ್ರ ಹೇಳ್ಕೊಂಡೆ. ನಗ್ತಾರೆ ಅಂದ್ಕೊಂಡಿದ್ದೆ, ನಗ್ಲಿಲ್ಲ, ಮೊಳೆಗೆ ನೇತು ಹಾಕಿದ್ದ ಪಂಚಾಂಗ ತೆಗೆದ ಸದ್ದು ಕೇಳಿಸ್ತು. "ಮುಂದಿನ ಬುಧವಾರ ಅಮಾಸೆ, ಗುರುವಾರ ಪಾಡ್ಯ, ಶುಕ್ರವಾರ ಬಿದಿಗೆ" ಅಂದ್ರು. ಅಲ್ಲಿಂದ ಅದೇ ರೂಢಿ ಆಯ್ತು. ಮಗಳು ಮೀನಿನ ಓದು ಓದ್ತಾಳೆ ಅಂತ ನೆಂಟರ ಮುಂದೆ ಹೇಳೋಕೆ ಮುಜುಗರ ಪಡ್ತಿದ್ದ ಅಪ್ಪ ಎರಡು ವರ್ಷ ನನ್ನ ಟೈಡ್ ಟೇಬಲ್ ಆದ್ರು. ಲೆಕ್ಕ ಸುಲಭ, ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗತ್ತೆ, ತಿಥಿ ಗೊತ್ತಿದ್ರೆ ಇಳಿತದ ಹೊತ್ತು ಬಾಯಲ್ಲೇ ಹೇಳಬಹುದು. ಬೆಳಚಿನ ಹೆಂಗಸರು ಮಾಡೋದೂ ಅದನ್ನೇ. ಏಕಾದಶಿ ಉಪವಾಸಕ್ಕೆ ಅಂತ ನಮ್ಮನೆಯಲ್ಲಿ ನೋಡೋ ಅದೇ ಪಂಚಾಂಗ ಅವರ ಮನೆಯಲ್ಲಿ ದುಡಿಮೆಗೆ.

ಕೆಲಸ ಹೇಗಿತ್ತು ಅಂದ್ರೆ, ಹಿಂದಿನ ದಿನವೇ ಹೋಗಿ ಊರಲ್ಲಿ ಉಳ್ಕೊಳ್ಳೋದು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಟಾರ್ಚು ಹಿಡಿದು ದೋಣಿ ಹತ್ತೋದು. ಆರು ಸ್ಟೇಷನ್ನು, ಒಂದೊಂದರಲ್ಲೂ ಅರ್ಧ ಮೀಟರ್ ಅರ್ಧ ಮೀಟರಿನ ಚೌಕಟ್ಟು ಮೂರು ಸಲ ಇಡೋದು, ಅದರೊಳಗಿನ ರಾಡಿ ಎಲ್ಲ ಬಗೆದು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು ಉಳಿದಿದ್ದನ್ನ ಡಬ್ಬಿಗೆ ತುಂಬೋದು. ತಿಂಗಳಿಗೆ ಹದಿನೆಂಟು ಡಬ್ಬಿ, 24 ತಿಂಗಳು, ಒಟ್ಟು 432. ನಾನು ಒಂದು ಚೌಕಟ್ಟು ಬಗೆಯೋದ್ರೊಳಗೆ ಪಕ್ಕದಲ್ಲಿ ಅದೇ ಅಜ್ಜಿ ಅರ್ಧ ಬುಟ್ಟಿ ತುಂಬಿರ್ತಿದ್ರು. ಅವರು ಬಗ್ಗಿ ಹುಡುಕೋದೇ ಇಲ್ಲ, ಸೊಂಟದ ನೀರಲ್ಲಿ ನಿಂತು ಪಾದ ಮೆಲ್ಲಗೆ ಆಡಿಸ್ತಾರೆ, ಹೆಬ್ಬೆರಳಿಗೆ ತಗುಲಿದ್ದು ಕಲ್ಲೋ ಚಿಪ್ಪೋ, ಜೀವ ಇರೋದೋ ಖಾಲಿ ಚಿಪ್ಪೋ ಅಂತ ಕಾಲಿಗೇ ಗೊತ್ತಾಗತ್ತೆ. ನನ್ನ ಕಾಲಿಗೆ ಕೊನೆಯ ತನಕ ಗೊತ್ತಾಗ್ಲಿಲ್ಲ. ಒಂದು ಮಾತ್ರ ಕಲ್ತೆ, ಕಾಲು ಎತ್ತಿ ಎತ್ತಿ ಇಡಬಾರದು, ನೆಲಕ್ಕೆ ಉಜ್ಜಿಕೊಂಡೇ ನಡೀಬೇಕು, ತೊರಕೆ ಮೀನು ರಾಡಿಯಲ್ಲಿ ಹುದುಗಿರತ್ತೆ, ತುಳಿದ್ರೆ ಬಾಲದ ಮುಳ್ಳಲ್ಲಿ ಹೊಡೆಯತ್ತೆ, ಉಜ್ಜಿಕೊಂಡು ಹೋದ್ರೆ ತಾನೇ ಸರಿದು ಹೋಗತ್ತೆ.

ಲ್ಯಾಬಿನ ಕತೆ ಬೇರೆ. ಡಬ್ಬಿಗೆ ಫಾರ್ಮಲಿನ್ ಜೊತೆ ರೋಸ್ ಬೆಂಗಾಲ್ ಅಂತ ಬಣ್ಣ ಹಾಕ್ತೀವಿ, ಜೀವ ಇದ್ದಿದ್ದೆಲ್ಲ ಗುಲಾಬಿ ಆಗತ್ತೆ, ಕಸ ಕಡ್ಡಿ ಮರಳಿನ ಮಧ್ಯೆ ಹುಡುಕೋಕೆ ಸುಲಭ. ಒಂದು ಡಬ್ಬಿ ಬಿಡಿಸೋಕೆ ಒಂದು ದಿನ, ಕೆಲವೊಂದು ಸಲ ಎರಡು. ಕೂದಲೆಳೆಯಂಥ ಹುಳಗಳು, ಪಾಲಿಕೀಟ್ ಅಂತ, ಅದರ ಪಕ್ಕೆಯ ಬಿರುಗೂದಲು ಒಂದೇ ತುದಿಯೋ ಎರಡು ತುದಿಯೋ ಅಂತ ಮೈಕ್ರೋಸ್ಕೋಪಲ್ಲಿ ನೋಡಿ ಜಾತಿ ಗುರುತಿಸ್ಬೇಕು, ಅದಕ್ಕೆ ನಮ್ಮ ಹತ್ರ ಇದ್ದಿದ್ದು 1953ರ ಪುಸ್ತಕವೊಂದರ ಜೆರಾಕ್ಸ್‌ನ ಜೆರಾಕ್ಸು, ಚಿತ್ರದಲ್ಲಿ ಹುಳ ಯಾವುದು ಜೆರಾಕ್ಸ್ ಮಷೀನಿನ ಗೆರೆ ಯಾವುದು ಗೊತ್ತಾಗಲ್ಲ. ಕಣ್ಣು ಉರಿ, ಮೂಗು ಉರಿ. ಚಿಕ್ಕಪ್ಪನ ಮಗಳ ಮದುವೆಗೆ ಹೋದಾಗ ಹತ್ತೂ ಬೆರಳ ತುದಿ ಗುಲಾಬಿ, ಅತ್ತೆಯೊಬ್ರು ಕೈ ಹಿಡಿದು "ಮೆಹಂದಿ ಸರಿ ಕೂರ್ಲಿಲ್ಲ ನೋಡು" ಅಂದ್ರು, ಹೌದು ಅತ್ತೆ ಅಂದೆ.

ದೊಡ್ಡ ಎಡವಟ್ಟು ಆಗಿದ್ದು ಐದನೇ ತಿಂಗಳು. ಫಾರ್ಮಲಿನ್ ಹಾಗೇ ಬಿಟ್ರೆ ನಿಧಾನಕ್ಕೆ ಹುಳಿ ಆಗತ್ತೆ, ಆಸಿಡ್, ಚಿಪ್ಪು ಸುಣ್ಣದ್ದು. ಅದಕ್ಕೆ ಬೋರಾಕ್ಸ್, ಅಂದ್ರೆ ಬಿಳಿಗಾರ, ಬೆರೆಸಿ ಇಡ್ಬೇಕು. ನಾನು ಬೆರೆಸಿರ್ಲಿಲ್ಲ. ದೊಡ್ಡ ಬೆಳಚಿಗೆ ಏನೂ ಆಗಿರ್ಲಿಲ್ಲ, ಆದ್ರೆ ಅಕ್ಕಿಕಾಳಿಗಿಂತ ಸಣ್ಣ ಮರಿಗಳು, ಮಳೆಗಾಲ ಮುಗಿದ ಮೇಲೆ ಹೊಸದಾಗಿ ಬಂದು ಕೂತವು, ಅದೇ ನನ್ನ ಥೀಸಿಸ್ಸಿನ ಜೀವ, ಅವುಗಳ ಚಿಪ್ಪು ಕರಗಿ ಹೋಗಿತ್ತು. ಚಿಮಟದಲ್ಲಿ ಹಿಡಿದ್ರೆ ಗುಲಾಬಿ ಬಣ್ಣದ ಮೆತ್ತನೆ ಚೂರು, ಅಳತೆ ತಗೊಳ್ಳೋಕೆ ಏನೂ ಇಲ್ಲ. ಮೂರು ತಿಂಗಳ ಡಬ್ಬಿ ಹಾಗೇ. ಗೈಡ್ ಬೈಯ್ಲಿಲ್ಲ, ಅದೇ ಕಷ್ಟ ಆಗಿದ್ದು, "ಮುಂದಿನ ವರ್ಷ ಇದೇ ತಿಂಗಳು ಮತ್ತೆ ಬರತ್ತಲ್ಲ" ಅಂತ ಮಾತ್ರ ಅಂದ್ರು. ನನ್ನ ಲೆಕ್ಕದಲ್ಲಿ ಒಂದು ವರ್ಷ ಅಂದ್ರೆ ಬಾಡಿಗೆ, ಊಟ, ಮನೆಯಲ್ಲಿ ಮದುವೆ ಮಾತು. ಮಾರನೇ ದಿನ ಪೇಟೆಗೆ ಹೋಗಿ ಬಿಳಿಗಾರ ಕೊಡಿ ಅಂದೆ, ಅಂಗಡಿಯವರು ಅಕ್ಕಸಾಲಿ ಮನೆಯವರಾ ಅಂತ ಕೇಳಿದ್ರು.

ಮಳೆಗಾಲ ಬಿಟ್ಟಿರಬಹುದು ಅಂದ್ಕೊಂಡ್ರೆ ಅದೂ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ, ಬಂದರು ಖಾಲಿ, ನಾನು ಮಾತ್ರ ಹೊಳೆಯಲ್ಲಿ. ಘಟ್ಟದ ನೀರೆಲ್ಲ ಅಲ್ಲಿಗೇ ಬರತ್ತೆ, ಜುಲೈಯಲ್ಲಿ ಅಳಿವೆಯ ನೀರು ಬಾಯಿಗೆ ಹಾಕಿದ್ರೆ ಉಪ್ಪೇ ಇಲ್ಲ, ಮೀಟರಲ್ಲೂ ಸೊನ್ನೆ ಹತ್ರ. ಬೆಳಚು ಎರಡೂ ಚಿಪ್ಪು ಬಿಗಿ ಮುಚ್ಕೊಂಡು ಎಷ್ಟು ದಿನ ತಡೆಯತ್ತೋ ತಡೆಯತ್ತೆ, ಆಮೇಲೆ ಬಾಯಿ ಬಿಡತ್ತೆ. ಒಂದೊಂದು ವರ್ಷ ಬಯಲು ತುಂಬಾ ಸತ್ತ ಚಿಪ್ಪು. ಅಕ್ಟೋಬರ್ ಬಂತು ಅಂದ್ರೆ ಮತ್ತೆ ಉಪ್ಪು ಏರತ್ತೆ, ಮತ್ತೆ ಮರಿ. ಇಷ್ಟೇ ಒಂದು ಸಾಲಿನ ವಿಷಯ, ಇದನ್ನ ನಾನು 190 ಪುಟ ಬರ್ದಿದೀನಿ. ಕೇರಳದ ಅಷ್ಟಮುಡಿಯಲ್ಲಿ ಇದೇ ಜಾತಿ ಬೆಳಚಿಗೆ 2014ರಲ್ಲಿ ಎಮ್‌ಎಸ್‌ಸಿ (ನನ್ನ ಎಮ್ಮೆಸ್ಸಿ ಅಲ್ಲ, ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಸರ್ಟಿಫಿಕೇಟ್, ಅಂದ್ರೆ ಜೀವಿ ಬರಿದಾಗದ ಹಾಗೆ ಹಿಡೀತಾರೆ ಅನ್ನೋ ಮುದ್ರೆ, ಸಿಕ್ಕಿತ್ತು, ಭಾರತದಲ್ಲೇ ಮೊದಲು, ಅಲ್ಲಿ ಮರಿ ಹಾಕೋ ಕಾಲ ಅಂತ ಡಿಸೆಂಬರಿಂದ ಫೆಬ್ರವರಿ ತನಕ ತೆಗೆಯೋದು ನಿಲ್ಲಿಸ್ತಾರೆ. ನಮ್ಮಲ್ಲೂ ಹಾಗೆ ಮಾಡ್ಬಹುದಾ ಅಂತ ಅಜ್ಜಿ ಹತ್ರ ಕೇಳಿದೆ. "ಮೂರು ತಿಂಗಳು ನಿಲ್ಸಿದ್ರೆ ನೀವು ಕೊಡ್ತ್ರಾ ಊಟಕ್ಕೆ?" ಅಂದ್ರು. ಆ ವಾಕ್ಯ ಥೀಸಿಸ್ಸಲ್ಲಿ ಹಾಕೋಕೆ ಜಾಗ ಸಿಗ್ಲಿಲ್ಲ.

ಒಂದ್ಸಲ ಮನೆಗೆ ಹೋದಾಗ ಅಪ್ಪ ಊಟ ಮುಗಿಸಿ ಕವಳ ಹಾಕ್ತಾ ಇದ್ರು. ಎಲೆಗೆ ಸುಣ್ಣ ಹಚ್ಚೋದು ನೋಡ್ತಾ ನೋಡ್ತಾ ಹೊಳೀತು. ಈ ಸುಣ್ಣ ಎಲ್ಲಿದ್ದು ಅಪ್ಪ ಅಂದೆ. ಕುಮಟಾ ಕಡೆ ಚಿಪ್ಪಿ ಸುಣ್ಣ, ಕಲ್ಲು ಸುಣ್ಣ ಬಾಯಿ ಸುಡತ್ತೆ, ಇದೇ ಒಳ್ಳೇದು ಅಂದ್ರು. ಚಿಪ್ಪಿ ಅಂದ್ರೆ ಯಾವುದು ಅಂದೆ. ಅಪ್ಪ ಬೆರಳು ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದ್ರು, ಒಳಗಿಂದ ಆಯಿ ನಗೋದು ಕೇಳಿಸ್ತು. ನಾನು ವರ್ಷಗಟ್ಟಲೆ ಎಣಿಸ್ತಾ ಇದ್ದ ಬೆಳಚೇ ಸುಟ್ಟು ಪುಡಿಯಾಗಿ ನಮ್ಮನೆ ದೇವರ ಮುಂದಿನ ತಾಂಬೂಲದ ತಟ್ಟೆಯಲ್ಲೂ ಕೂತಿತ್ತು. ಅಪ್ಪ ಕವಳ ಬಿಡ್ಲಿಲ್ಲ. ಆದ್ರೆ ನನ್ನ ಬ್ಯಾಗು ಆವತ್ತಿಂದ ನಡುಮನೆ ತನಕ ಬಂತು.

ನೇತ್ರಾಣಿ ದ್ವೀಪದ ಬಗ್ಗೆ ಹೇಳ್ಲಿಲ್ಲ ಅಂದ್ರೆ ಕೇಳೇ ಕೇಳ್ತೀರಿ. ಹೋಗಿದೀನಿ, ಮುರ್ಡೇಶ್ವರದಿಂದ ಬೋಟಲ್ಲಿ, ಕೂಡಿಟ್ಟ ದುಡ್ಡಲ್ಲಿ ಡೈವಿಂಗ್ ಕೋರ್ಸ್ ಮಾಡಿದೆ. ಹೋಗುವಾಗ ದಾರಿ ಪೂರ್ತಿ ವಾಂತಿ, ಆದ್ರೆ ಕೆಳಗೆ ಹವಳ, ಬಣ್ಣದ ಮೀನು, ಎಲ್ಲ ನಿಜ, ಚೆನ್ನಾಗಿದೆ. ನನ್ನ ಕೆಲಸದಲ್ಲಿ ಅದು ಒಂದು ದಿನವೂ ಉಪಯೋಗಕ್ಕೆ ಬರ್ಲಿಲ್ಲ, ಆದ್ರೆ ನನ್ನ ಪ್ರೊಫೈಲ್ ಫೋಟೋ ಇವತ್ತಿಗೂ ಅದೇ.

2020ಕ್ಕೆ ಡಾಕ್ಟರೇಟ್ ಬಂತು, ಲಾಕ್‌ಡೌನ್ ಮಧ್ಯೆ, ವೈವಾ ಆನ್‌ಲೈನು, ನೆಟ್‌ವರ್ಕಿಗೆ ಅಂತ ಗುಡ್ಡದ ಮೇಲಿನ ಶಾಲೆ ಜಗಲಿಯಲ್ಲಿ ಕೂತು ಮುಗಿಸಿದೆ. ಆಮೇಲೆ ಕೆಲಸ ಹುಡುಕೋದು. ಈ ಓದಿಗೆ ಪರ್ಮನೆಂಟ್ ಪೋಸ್ಟು ಬೆರಳೆಣಿಕೆ, ಒಂದು ಪ್ರಾಜೆಕ್ಟು ಮುಗಿದ್ರೆ ಇನ್ನೊಂದು ಪ್ರಾಜೆಕ್ಟು, ಮೂವತ್ತೈದು ದಾಟಿದ ಮೇಲೆ ಅದಕ್ಕೂ ವಯಸ್ಸಿನ ಅಡ್ಡಿ. ಕೊನೆಗೆ ಒಂದು ಕನ್ಸಲ್ಟೆನ್ಸಿ ಸೇರ್ಕೊಂಡೆ. ಬಂದರು, ಕಾರ್ಖಾನೆ ಕಟ್ಟೋ ಮುಂಚೆ ಪರಿಸರದ ಮೇಲೆ ಏನಾಗತ್ತೆ ಅಂತ ವರದಿ ಕೊಡ್ಬೇಕಲ್ಲ, ಅದರಲ್ಲಿ ಸಮುದ್ರ ಜೀವಿಗಳ ಅಧ್ಯಾಯ ಬರೆಯೋ ಕೆಲಸ. ಸಂಬಳ ಪರವಾಗಿಲ್ಲ, ಮೊದಲ ಸಲ ಒಂದನೇ ತಾರೀಖು ದುಡ್ಡು ಬಂದಾಗ ಮೆಸೇಜ್ ಎರಡು ಸಲ ಓದಿದೆ.

ಎರಡನೇ ಕೆಲಸಕ್ಕೆ ಇನ್ನೊಂದು ಅಳಿವೆಗೆ ಕಳಿಸಿದ್ರು, ಹೆಸರು ಬೇಡ. ಎರಡು ದಿನದ ಸರ್ವೆ, ಲಾಡ್ಜು ಬುಕ್ ಆಗಿದೆ, ಗಾಡಿ ಬುಕ್ ಆಗಿದೆ, ಬೆಳಿಗ್ಗೆ ಹನ್ನೊಂದಕ್ಕೆ ಲೋ ಟೈಡು ಅಂತ ಶೆಡ್ಯೂಲಲ್ಲಿ ನೀಟಾಗಿ ಬರ್ದಿದಾರೆ. ನೋಡಿದ ತಕ್ಷಣ ಹೊಟ್ಟೆ ಒಳಗೆ ಏನೋ ಆಯ್ತು. ಅಪ್ಪನಿಗೆ ಫೋನ್ ಮಾಡಿದೆ. "ಸಪ್ತಮಿ, ಅಷ್ಟಮಿ" ಅಂದ್ರು. ಬಾಸಿಗೆ ಹೇಳಿದೆ, ಒಂದು ವಾರ ಮುಂದೆ ಹಾಕೋಣ, ಈಗ ಹೋದ್ರೆ ಬಯಲೇ ಕಾಣಲ್ಲ. ಅವರಿಗೆ ಅರ್ಥ ಆಗ್ಲಿಲ್ಲ ಅಂತಲ್ಲ, ಆಯ್ತು. "ಮೇಡಂ, ಫಾರ್ಮ್ಯಾಟಲ್ಲಿ ಲೋ ಟೈಡ್ ಅಂತ ಇದೆ, ಲೋ ಟೈಡಿಗೇ ಹೋಗ್ತಿದೀವಿ" ಅಂದ್ರು. ಹೋದ್ವಿ. ದಡದಂಚಲ್ಲಿ ಸಿಕ್ಕಿದ್ದನ್ನ ತಗೊಂಡು ಬಂದ್ವಿ, ಚಿಪ್ಪುಜೀವಿ ವಿರಳ ಅಂತ ಟೇಬಲ್ ಆಯ್ತು. ಅಲ್ಲಿ ದೋಣಿ ಕಟ್ಟೋ ಹುಡುಗನೊಬ್ಬ ನೋಡ್ತಿದ್ದ, ಏನೂ ಹೇಳ್ಲಿಲ್ಲ, ನನ್ನನ್ನ ಅಕ್ಕೋರೆ ಅಂತಾನೂ ಕರೀಲಿಲ್ಲ. ಆ ವರದಿಯಲ್ಲಿ ನನ್ನ ಹೆಸರು ಡಾಕ್ಟರ್ ಅಂತ ಹಾಕಿ ಅಚ್ಚಾಗಿದೆ. ಸಹಿ ನಾನೇ ಮಾಡಿದ್ದು, ಯಾರೂ ಕೈ ಹಿಡಿದು ಮಾಡಿಸ್ಲಿಲ್ಲ. ಒಂದು ಕಾಲದಲ್ಲಿ ಇದೇ ತದಡಿಗೆ 4000 ಮೆಗಾವ್ಯಾಟಿನ ಉಷ್ಣಸ್ಥಾವರ ತರೋಕೆ ಹೊರಟು ಕೈಬಿಟ್ರಲ್ಲ, ಆಗ ಯಾರಾದ್ರೂ ಅಷ್ಟಮಿ ದಿನ ಬಂದು ನೋಡ್ಕೊಂಡು ಹೋಗಿದ್ರೆ ಏನು ಬರೀತಿದ್ರು ಅಂತ ಎಷ್ಟೋ ರಾತ್ರಿ ಯೋಚನೆ ಮಾಡಿದೀನಿ. ಐದು ತಿಂಗಳು ಬಿಟ್ಟು ಕೆಲಸ ಬಿಟ್ಟೆ. ತಕ್ಷಣ ಬಿಟ್ಟೆ ಅಂತ ಹೇಳ್ಕೊಳ್ಳೋಕೆ ಆಸೆ, ಆದ್ರೆ ಲೋನ್ ಇತ್ತು.

ಈಗ ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಆರ್ಡರ್ ಬರ್ಬೇಕು, ಬರೋ ತನಕ ಅತಿಥಿಯೂ ಅಲ್ಲ ಉಪನ್ಯಾಸಕಿಯೂ ಅಲ್ಲ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ, ಸಿಕ್ತು, ಮಾಗಡಿ ಕೆರೆ ಅಂಕಸಮುದ್ರದ ಜೊತೆಗೆ, ಪೇಪರಲ್ಲಿ ನೋಡಿ ಖುಷಿ ಆಯ್ತು. ಅಜ್ಜಿಗೆ ಹೇಳೋಣ ಅಂತ ಹೋದೆ, ಮೊಣಕಾಲು ನೋವಿಗೆ ಅವರು ನೀರಿಗೆ ಇಳಿಯೋದು ಬಿಟ್ಟಿದಾರೆ, ಸೊಸೆ ಹೋಗ್ತಾಳೆ. "ಪಟ್ಟ ಬಂದ್ರೆ ಬೆಳಚು ಜಾಸ್ತಿ ಆಗ್ತದಾ?" ಅಂತ ಕೇಳಿದ್ರು, ನಂಗೆ ಗೊತ್ತಿರೋ ಉತ್ತರ ಎಲ್ಲ ಉದ್ದ ಇತ್ತು, ಚಾ ಕುಡಿದು ಬಂದೆ.

ಹೋದ ತಿಂಗಳು ಮೂರನೇ ವರ್ಷದ ಮಕ್ಕಳನ್ನ ಬಯಲಿಗೆ ಕರ್ಕೊಂಡು ಹೋಗೋದಿತ್ತು. ಪ್ರಿನ್ಸಿಪಾಲರು ಶನಿವಾರ ಹನ್ನೊಂದಕ್ಕೆ ಬಸ್ ಕೊಡ್ತೀನಿ ಅಂದ್ರು. ಬೇಡ ಸರ್, ಸೋಮವಾರ ಬೆಳಗಿನ ಜಾವ ನಾಲ್ಕೂವರೆಗೆ ಬೇಕು ಅಂದೆ. ಯಾಕೆ ಅಂತ ವಿವರಿಸೋಕೆ ಇಪ್ಪತ್ತು ನಿಮಿಷ ಹಿಡೀತು. ಭಾನುವಾರ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ, ಈಗೆಲ್ಲ ಮೊಬೈಲಲ್ಲೇ ಟೈಡ್ ಆಪ್ ಇದೆ, ಆದ್ರೂ ಮಾಡ್ತೀನಿ. ಅಪ್ಪನಿಗೆ ಈಗ ಕಣ್ಣು ಮಂಜು, ಪಂಚಾಂಗದ ಅಕ್ಷರ ಕಾಣಲ್ಲ, ಆಯಿ ಓದಿ ಹೇಳಿದ್ಲು, "ನಾಳೆ ಬಿದಿಗೆ." ಹಿಂದಿನಿಂದ ಅಪ್ಪ ಕೂಗಿದ್ರು, "ಬರಕಾರೆ ಕುಮಟಾದಿಂದ ಸುಣ್ಣ ತಗಂಬಾ, ಇಲ್ಲಿ ಮುಗದ್ದು."